ಇದ್ದಿಲಿನಲ್ಲಿ ಎಳೆದ ಗೋಲು

ಬೀದರದ ಚೌಬಾರಾ ಬುರುಜಿನ ಮಗ್ಗುಲಲ್ಲಿ ಒಂದು ಚಾದ ಅಂಗಡಿ ಇತ್ತು. ಈಗ ಅಲ್ಲಿ ಸೈಕಲ್ ರಿಪೇರಿ ಮಾಡುವವನೊಬ್ಬ ಕೂಡುತ್ತಾನೆ. ನಾನು ಆ ದಾರಿ ಹಿಡಿಯುವುದಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತೇನೆ. ಮೊಮ್ಮಕ್ಕಳು ಯಾಕೆಂದು ಕೇಳಿದರೆ ಆ ರಸ್ತೆ ಏರು, ಮೊಣಕಾಲು ನೋಯುತ್ತದೆ ಎನ್ನುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ.

ಅದು ನಿಜಾಮರ ಆಳ್ವಿಕೆಯ ಕಾಲ. ಬೀದರಕ್ಕೆ ಇನ್ನೂ ರೈಲು ಬಂದಿರಲಿಲ್ಲ. ನನಗೆ ಇಪ್ಪತ್ತಾರು ವರ್ಷ. ಕಚೇರಿಯ ಎದುರಿನ ಬೇವಿನ ಮರದ ಬುಡದಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ಉರ್ದು. ಊರೆಲ್ಲ ನನ್ನನ್ನು ಮುನಶಿ ಎಂದೇ ಕರೆಯುತ್ತಿತ್ತು. ಈ ಕೆಲಸ ಮಾಡುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎದುರಿಗಿದ್ದವನು ಅಳುತ್ತಿದ್ದರೂ, ಅದು ಸರಿ ಮಾರಾಯ, ನಿನ್ನ ಮಾತಿಗೆ ಸಾಕ್ಷಿ ಯಾರು ಎಂದು ಕೇಳುವ ಚಟ. ನನಗೆ ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಅಂಟಿತ್ತು.

ಸಂಜೆಯಾದರೆ ನಾವು ಚಾದ ಅಂಗಡಿಯಲ್ಲಿ ಸೇರುತ್ತಿದ್ದೆವು. ಅಂಗಡಿಯ ಮಾಲೀಕ ಒಬ್ಬ ಮುದುಕ, ಎಲ್ಲರಿಗೂ ಚಾಚಾ. ಅಲ್ಲಿ ಮಳೆ ಬೆಳೆಯ ಮಾತು ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದು ಒಂದೇ, ಫುಟ್‌ಬಾಲು. ಸಿಕಂದರಾಬಾದಿನ ಗೋರಾ ಪಲ್ಟನ್ನಿನ ಹತ್ತಿರ ಚಾಕರಿ ಮಾಡಿ ಬಂದ ಹವಾಲ್ದಾರನೊಬ್ಬ ಆ ಚೆಂಡನ್ನು ನಮ್ಮ ಊರಿಗೆ ತಂದಿದ್ದ. ಅವನೇ ಬೀದರದ ಆಟಗಾರರ ಉಸ್ತಾದ. ಔರಾದದಲ್ಲಿ ಇನ್ನೊಬ್ಬ ಉಸ್ತಾದ ಇದ್ದ. ತಾನೇ ಆಡಿ ಹೆಸರು ಮಾಡಿ, ವಯಸ್ಸಾದ ಮೇಲೆ ಆಡಿಸಲು ನಿಂತವನು. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳದಲ್ಲಿ ಚಾಚಾನ ಎಷ್ಟು ಕಪ್ಪು ಒಡೆದವೋ ಲೆಕ್ಕವಿಲ್ಲ.

"ಔರಾದ ಉಸ್ತಾದ ತನ್ನ ಮಂದೀನ ಆಡಿನ ಹಿಂದ ಓಡಸ್ತಾನ. ಅದಕ್ಕೇ ಅವರ ಕಾಲಾಗ ಗಾಳಿ ಅದ," ಎನ್ನುತ್ತಿದ್ದ ಚಾಚಾ. ಅವನು ಹುಟ್ಟಿದ್ದು ಔರಾದದಲ್ಲಿ.

"ಆಡಿನ ಹಿಂದ ಓಡಿದ್ರ ಆಡು ಸಿಗತದ ಚಾಚಾ, ಗೋಲ ಸಿಗಲ್ಲ," ಎನ್ನುತ್ತಿದ್ದೆ ನಾನು.

ಹೈದರಾಬಾದಿನಿಂದ ಮೂರು ದಿನ ತಡವಾಗಿ ಬರುವ ಉರ್ದು ಪತ್ರಿಕೆಯನ್ನು ನಾನೇ ಓದಿ ಹೇಳುತ್ತಿದ್ದೆ. ವಿಲಾಯತಿಯವರು ಅಕ್ಕಪಕ್ಕದ ದೇಶಗಳ ಮೇಲೆ ಆಡುತ್ತಾರೆ, ಅವರಲ್ಲೊಬ್ಬ ತನ್ನ ದೇಶಕ್ಕಾಗಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದಿದ್ದಾನೆ ಎಂದು ಒಮ್ಮೆ ಓದಿದೆ. ಚಾಚಾ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ಅವರ ಕಾಲಾಗ ಬೂಟ ಅವ. ಆ ಗೋಲ ಬೂಟಿನ ಹೆಸರಲೇ ಬರ್ಕೋಬೇಕು. ಆ ಮ್ಯಾಲ, ಸೋತ ಮಂದಿ ಹೌದು ಅಂದಾರೇನು? ಪೇಪರದಾಗ ಬರದಾರೇನು?" ಬರೆದಿರಲಿಲ್ಲ. ಆದ್ದರಿಂದ ವಿಲಾಯತಿಯ ಆ ಆಟಗಾರನ ಒಂದು ಗೋಲೂ ನಮ್ಮ ಲೆಕ್ಕಕ್ಕೆ ಬರಲಿಲ್ಲ.

ಈ 'ಹೌದು' ಏನೆಂದು ಹೇಳಬೇಕು. ಬೀದರ, ಭಾಲ್ಕಿ, ಔರಾದ ಈ ಮೂರು ಊರಿನ ಮೈದಾನಗಳಲ್ಲಿ ಗೋಲಿಗೆ ಬಲೆ ಇರಲಿಲ್ಲ. ಎರಡು ಬಿದಿರು ಗಳ, ಮೇಲೆ ಒಂದು ಹಗ್ಗ, ಅಷ್ಟೇ. ಚೆಂಡು ಗಳದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬುದಕ್ಕೆ ತಲೆ ಒಡೆದುಕೊಳ್ಳುವುದು ಮಾಮೂಲಾಗಿತ್ತು. ಸೀಟಿ ಊದುವವನು ಆ ಊರಿನವನೇ ಆಗಿರುತ್ತಿದ್ದ, ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಒಂದು ಪದ್ಧತಿ ಬೆಳೆದಿತ್ತು. ಗೋಲು ಹೊಡೆಸಿಕೊಂಡ ಊರಿನವನೊಬ್ಬ ಬಾಯಿಬಿಟ್ಟು "ಹೌದು, ಒಳಗೇ ಹೋಯ್ತು" ಎಂದರೆ ಅದು ಪಕ್ಕಾ ಗೋಲು. ಅನ್ನದಿದ್ದರೆ ಕಚ್ಚಾ. ಇದಕ್ಕೆ ನಾನು ನನ್ನದೊಂದು ಕಾಯ್ದೆ ಸೇರಿಸಿದ್ದೆ: ಆ ಹೌದನ್ನು ನಾಲ್ಕು ಜನರ ಎದುರಿಗೆ ಹೇಳಬೇಕು. ಒಬ್ಬನ ಕಿವಿಯಲ್ಲಿ ಹೇಳಿದ್ದು ಹೇಳಿದಂತಲ್ಲ. ಮುನಶಿ ಹೇಳಿದ ಮೇಲೆ ಮುಗಿಯಿತು ಎಂದು ಎಲ್ಲರೂ ಒಪ್ಪಿದರು. ನನಗೆ ಅದರಿಂದ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅಂಗಡಿಯ ಗೋಡೆಯ ಮೇಲೆ ಪಕ್ಕಾ ಗೋಲಿಗೆ ಕೆಂಪು ಕಾವಿಯಿಂದಲೂ ಕಚ್ಚಾ ಗೋಲಿಗೆ ಇದ್ದಿಲಿನಿಂದಲೂ ಗೆರೆ ಎಳೆಯುವ ಕೆಲಸವನ್ನು ನನ್ನ ಕೈಯಿಂದ ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

ಆ ಗೋಡೆಯಲ್ಲಿ ಔರಾದದ ಉಸ್ತಾದನ ಸಾಲಿನಲ್ಲಿ ನಲವತ್ತು ಕೆಂಪು ಗೆರೆಗಳಿದ್ದವು. ಮೂರು ಊರಲ್ಲಿ ಅದಕ್ಕಿಂತ ಹೆಚ್ಚು ಯಾರದೂ ಇರಲಿಲ್ಲ. ಅವನ ಸಾಲಿನ ಕೆಳಗೆ ಇನ್ನೊಂದು ಸಾಲು. ಅಲ್ಲಿಯೂ ನಲವತ್ತು ಕೆಂಪು ಗೆರೆ, ಕೊನೆಗೆ ಒಂದು ಕಪ್ಪು. ಅದು ಭಾಲ್ಕಿಯವನದು.

ಭಾಲ್ಕಿಯವನು ಅಲ್ಲಿಯ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಜೋಳದ ಚೀಲ ಹೊತ್ತು ಹೊತ್ತು ಅವನ ತೊಡೆ ಕಬ್ಬಿಣವಾಗಿತ್ತು. ಬೀದರದ ಉಸ್ತಾದ ಅವನನ್ನು ಕರೆದು ನಮ್ಮ ಪಾರ್ಟಿಯಲ್ಲಿ ಆಡಿಸುತ್ತಿದ್ದ. ಮಾತು ಕಡಿಮೆ. ಗೋಲು ಹೊಡೆದರೆ ಕುಣಿಯುತ್ತಿರಲಿಲ್ಲ, ಗಳವನ್ನು ಒಮ್ಮೆ ಕೈಯಿಂದ ಮುಟ್ಟಿ ಹಿಂದಕ್ಕೆ ಬರುತ್ತಿದ್ದ. ನನಗೆ ಅವನ ಆಟವೆಂದರೆ ಪ್ರಾಣ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ನನಗೆ ಅವನ ಮೇಲೆ ಹಗೆಯಿತ್ತು ಎಂದುಕೊಳ್ಳಬಹುದು. ಹಗೆಯಿರಲಿಲ್ಲ. ಅವನ ದಾಖಲೆಯ ಮೇಲೆ ಯಾರೂ ಬೆರಳು ಇಡಬಾರದು ಎಂಬುದೇ ನನ್ನ ಹಟವಾಗಿತ್ತು.

ಆ ಕಪ್ಪು ಗೆರೆ ಹತ್ತಿರದ ಹಳ್ಳಿ ಮನ್ನಳ್ಳಿಯವರ ಮೇಲೆ, ಬೀದರದ ಅಂಚಿನ ಚಿದ್ರಿಯ ಮೈದಾನದಲ್ಲಿ ಹೊಡೆದದ್ದು. ಚೆಂಡು ಗಳದ ಹೊರಗೆ ಹೋಯಿತೆಂದು ಗೋಲು ಕಾಯುವ ಮನ್ನಳ್ಳಿಯ ಗೋಲಿ ಕೂಗಾಡಿದ. ಅವರೆಲ್ಲ ಹೌದು ಎನ್ನದೆ ಸಿಟ್ಟಿನಿಂದ ಊರಿಗೆ ನಡೆದುಬಿಟ್ಟರು. ಒಳಗೇ ಹೋಗಿತ್ತು, ಇದು ನಲವತ್ತೊಂದನೆಯದು, ಔರಾದದವನ ದಾಖಲೆ ಮುರಿಯಿತು ಎಂದು ನಮ್ಮವರು ಕುಣಿದರು. ನಾನೊಬ್ಬನೇ ಇದ್ದಿಲು ಕೈಗೆ ತೆಗೆದುಕೊಂಡೆ. "ಮನ್ನಳ್ಳಿಯಾವ ಬಂದು ಹೌದು ಅಂದ್ರ ನನ್ನ ಮೀಸಿ ತಗಸ್ತೇನಿ," ಎಂದು ತುಂಬಿದ ಅಂಗಡಿಯಲ್ಲಿ ಹೇಳಿದೆ. ಭಾಲ್ಕಿಯವನು ನಕ್ಕು, "ಇರ್ಲಿ ಬಿಡ್ರಿ ಮುನಶಿಯವರ, ಇನ್ನೊಂದು ಹೊಡೀತೇನಿ," ಎಂದ.

ನಾಲ್ಕು ದಿನದ ಮೇಲೆ ಮನ್ನಳ್ಳಿಯ ಆ ಗೋಲಿ ನನಗೆ ದಾರಿಯಲ್ಲಿ ಸಿಕ್ಕ. ಒಬ್ಬನೇ ಇದ್ದ. "ಮುನಶಿಯವರ, ಖರೆ ಹೇಳ್ತೇನಿ, ಚೆಂಡು ಒಳಗೇ ಹೋಗಿತ್ತು. ಸಿಟ್ಟಿನಾಗ ಇಲ್ಲ ಅಂದೆ," ಎಂದ.

"ನನಗೊಬ್ಬನಿಗೆ ಹೇಳಿದ್ರ ನಡ್ಯಲ್ಲ. ಅಂಗಡಿಗಿ ಬಂದು ನಾಕು ಮಂದಿ ಮುಂದ ಹೇಳ್ರಿ," ಎಂದೆ.

"ಮುಂದಿನ ಸಂತಿಗಿ ಬರ್ತೇನಿ ತಗೋರಿ," ಎಂದು ಹೋದ.

ನಾನು ಈ ವಿಷಯ ಯಾರಿಗೂ ಹೇಳಲಿಲ್ಲ. ಕಾಯ್ದೆ ಹಾಗಿತ್ತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಮೀಸೆಯ ಮೇಲೂ ಒಮ್ಮೆ ಕೈ ಹೋಗಿತ್ತು ಎಂಬುದು ಸುಳ್ಳಲ್ಲ.

ಆ ಸಂತೆಗೆ ಮನ್ನಳ್ಳಿಯಿಂದ ಯಾರೂ ಬರಲಿಲ್ಲ. ಅಲ್ಲಿ ಇಲಿ ಬಿದ್ದವು ಎಂಬ ಸುದ್ದಿ ಬಂತು.

ಇಲಿ ಬಿತ್ತು ಎಂದರೆ ಆ ಕಾಲದಲ್ಲಿ ಬೇರೆ ವಿವರಣೆ ಬೇಕಿರಲಿಲ್ಲ. ಪ್ಲೇಗು ಎಂಬ ಹೆಸರನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ, 'ಬ್ಯಾನಿ' ಎಂದರೆ ಸಾಕಾಗಿತ್ತು. ಜ್ವರ, ತೊಡೆಯ ಸಂದಿಗೋ ಕಂಕುಳಿಗೋ ಒಂದು ಗಂಟು, ಮೂರು ನಾಲ್ಕು ದಿನ, ಆಮೇಲೆ ಮಣ್ಣು. ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರಬೇಕಾಗುತ್ತಿತ್ತು. ಭಾಲ್ಕಿಯ ಧಾನ್ಯದ ಪೇಟೆ ಮನ್ನಳ್ಳಿಗಿಂತ ಮೊದಲೇ ಮುಚ್ಚಿತ್ತು. ಕೆಲಸವಿಲ್ಲದೆ ಭಾಲ್ಕಿಯವನು ಹೆಂಡತಿಯನ್ನು ಕರೆದುಕೊಂಡು ಚಿದ್ರಿಗೆ ಬಂದು, ಅವಳ ಅಣ್ಣನ ಮನೆಯಲ್ಲಿ ಇದ್ದ. ಬೀದರ ಎತ್ತರದ ಮೇಲಿದೆ, ಇಲ್ಲಿಯ ಗಾಳಿಗೆ ಅದೆಲ್ಲ ಹತ್ತುವುದಿಲ್ಲ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅಂಗಡಿಯಲ್ಲಿ ದಿನದಿನಕ್ಕೆ ಜನ ಕಡಿಮೆಯಾದರು. ಉಳಿದವರು ಮೊದಲಿಗಿಂತ ಜೋರಾಗಿ ಜಗಳಾಡಿದೆವು. ಔರಾದದಲ್ಲಿ ಶುಕ್ರವಾರ ಆಟ ಗೊತ್ತಾಗಿತ್ತು. ಅಲ್ಲಿ ಒಂದು ಗೋಲು ಹೊಡೆದರೆ ದಾಖಲೆ ಭಾಲ್ಕಿಯವನದು, ಅದೂ ಆ ಉಸ್ತಾದನ ಕಣ್ಣೆದುರೇ. ನಮಗೆ ಬೇರೆ ಏನೂ ಬೇಕಾಗಿರಲಿಲ್ಲ.

ಆಟಕ್ಕೆ ಐದು ದಿನ ಮೊದಲು, ಭಾನುವಾರ ಮಧ್ಯಾಹ್ನ, ಅಂಗಡಿಯಲ್ಲಿ ಏಳೆಂಟು ಜನರಿದ್ದೆವು. ನಮ್ಮ ಉಸ್ತಾದ, ಭಾಲ್ಕಿಯವನು, ನಾನು, ಇನ್ನು ಕೆಲವರು. ಕಟ್ಟಿಗೆ ರಾಶಿಯ ಹಿಂದಿನಿಂದ ಒಂದು ಇಲಿ ಹೊರಗೆ ಬಂತು. ಜನರನ್ನು ಕಂಡು ಓಡಲಿಲ್ಲ. ನೆಲದ ನಡುವೆ ಬಂದು, ಎರಡು ಸುತ್ತು ತಿರುಗಿ, ಮಗ್ಗುಲಾಗಿ ಬಿದ್ದಿತು. ಚಾಚಾನ ಕೈಯಲ್ಲಿದ್ದ ಚಾ ಸೋಸುವ ಅರಿವೆ ಕೆಳಗೆ ಬಿತ್ತು.

ಭಾಲ್ಕಿಯವನ ಮುಖ ಬಿಳಿಚಿತ್ತು. ತನ್ನ ಪೇಟೆಯಲ್ಲಿ ಅವನು ಇಂಥವನ್ನು ಕಂಡು ಬಂದವನು. ಅದನ್ನು ಕಣ್ಣಮುಂದಿನಿಂದ ತೆಗೆದುಹಾಕಿದರೆ ಸಾಕೆಂಬಂತೆ ಎದ್ದು, ಬರಿಗಾಲಿನಿಂದ, ಬಲಗಾಲಿನಿಂದ, ಒಂದೇ ಏಟಿಗೆ ಒದ್ದ. ಇಲಿ ಬಾಗಿಲಿನ ಎರಡು ಕಂಬಗಳ ನಡುವೆ ಹಾದು ಬೀದಿಗೆ ಹೋಗಿ ಬಿತ್ತು.

"ಗೋಲ!" ಎಂದು ಯಾರೋ ಕೂಗಿದರು. ಹೆದರಿಕೆ ಒಮ್ಮೆಲೇ ನಗೆಯಾಗಿ ಒಡೆಯಿತು. "ಮುನಶಿ, ಪಕ್ಕಾನೋ ಕಚ್ಚಾನೋ?"

"ಇಲಿ ಹೌದು ಅಂದ್ರ ಪಕ್ಕಾ," ಎಂದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಲ್ಕಿಯವನೂ ನಕ್ಕ. ಆ ಮಾತು ಆಡಿದ ನಾಲಿಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಗು ಮುಗಿದ ಮೇಲೆ ಚಾಚಾ ಕೈ ಮುಗಿದ. "ಯಾರಿಗೂ ಹೇಳಬ್ಯಾಡ್ರಿ ನಮ್ಮಪ್ಪಗೋಳಿರಾ. ಸರಕಾರಿ ಮಂದಿ ಬಂದು ಅಂಗಡಿ ಮಾಳಗಿ ಕಿತ್ತಿ ಹಾಕ್ತಾರ. ನಿಮ್ಮನೂ ಗುಡಸಲಿಗಿ ಕಳಸ್ತಾರ." ಅದು ನಿಜ. ನಮ್ಮನ್ನು ಊರ ಹೊರಗೆ ಕಳಿಸಿದರೆ ಶುಕ್ರವಾರದ ಆಟ ನಿಲ್ಲುತ್ತಿತ್ತು. ಉಸ್ತಾದ ನಮ್ಮೆಲ್ಲರ ಮುಖ ನೋಡಿ, "ಇಲ್ಲೇನೂ ಬಿದ್ದಿಲ್ಲ," ಎಂದ. ನಾವು ಏಳೆಂಟು ಜನವೂ ಹೌದೆಂದೆವು. ನಾಲ್ಕು ಜನರ ಲೆಕ್ಕಕ್ಕೆ ಅದು ಮಿಕ್ಕುವಷ್ಟಾಯಿತು.

ಗುರುವಾರ ಬೆಳಗ್ಗೆ ಎರಡು ಬಂಡಿ ಕಟ್ಟಿಕೊಂಡು ಔರಾದಕ್ಕೆ ಹೊರಟೆವು. ದಾರಿಯಲ್ಲಿ ಚಿದ್ರಿಗೆ ಹೋಗಿ ಭಾಲ್ಕಿಯವನನ್ನು ಹತ್ತಿಸಿಕೊಳ್ಳಬೇಕಿತ್ತು. ಕರೆಯಲು ನಾನು ಮನೆಯೊಳಗೆ ಹೋದೆ. ಅವನು ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದ. ಹೆಂಡತಿ ಅವನ ಎಡಗಾಲಿನ ಹೆಬ್ಬೆರಳಿಗೆ ಅರಿಶಿನ ಹಚ್ಚುತ್ತಿದ್ದಳು. ಹಿಂದಿನ ವಾರ ಮೈದಾನದಲ್ಲಿ ಮೊರಂ ಕಲ್ಲಿಗೆ ಎಡವಿ ಉಗುರು ಎದ್ದಿತ್ತು. ಅವನು ಬಂಡಿ ಏರಲು ಹೊರಗೆ ಹೋದಾಗ ಅವಳು ನನ್ನನ್ನು ನಿಲ್ಲಿಸಿದಳು. ಅದುವರೆಗೆ ಅವಳು ನನ್ನ ಎದುರು ಮಾತಾಡಿದವಳಲ್ಲ.

"ಅಣ್ಣಾ, ನಿನ್ನಿಯಿಂದ ಮೈ ಸುಡ್ಲಾಕತ್ತದ ಅವರದು. ಹೋಗಬ್ಯಾಡ್ರಿ ಅಂದ್ರ ಕೇಳವಲ್ರು. ಒಂದು ಗೋಲ ಕಮ್ಮಿ ಬಿದ್ದದ ಅಂತಾರ."

"ಹೌದು ತಂಗಿ, ಒಂದೇ ಕಮ್ಮಿ."

"ಆ ಮನ್ನಳ್ಳಿದು ಕೊಟ್ಟಬಿಡ್ರಲ್ಲಾ. ಗ್ವಾಡಿ ಮ್ಯಾಲ ಗೆರಿ ಎಳಿಯೋರು ನೀವೇ ಅಂತ. ಅದು ಕೊಟ್ರ ಇವರು ಇವತ್ತ ಮನ್ಯಾಗಿರ್ತಾರ."

ಮನ್ನಳ್ಳಿಯವನು ದಾರಿಯಲ್ಲಿ ಹೇಳಿದ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಹೊರಗೆ ಬಂಡಿಯಲ್ಲಿ ಎಲ್ಲರೂ ಕೂತು ನನಗಾಗಿ ಕಾಯುತ್ತಿದ್ದರು. ಈಗ ಹೇಳಿದರೆ, ಇಷ್ಟು ದಿನ ಯಾಕೆ ಬಚ್ಚಿಟ್ಟೆ ಎಂದು ಕೇಳುತ್ತಾರೆ.

"ಕೊಡೂದು ನನ್ನ ಕೈಯಾಗಿಲ್ಲ ತಂಗಿ," ಎಂದೆ.

ಅವಳು ಅರಿಶಿನದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಮಾಂಜ್ರಾ ನದಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಬಂಡಿ ನೀರಿಗಿಳಿದಾಗ ಭಾಲ್ಕಿಯವನು ಬಗ್ಗಿ ಬೊಗಸೆಯಲ್ಲಿ ನೀರು ಕುಡಿದ, ಮತ್ತೆ ಕುಡಿದ, ನಿಲ್ಲಿಸಲೇ ಇಲ್ಲ. ಕಣ್ಣು ಕೆಂಪಾಗಿದ್ದವು. ಉಸ್ತಾದ ಅವನನ್ನು ಬಂಡಿಯಲ್ಲಿ ಮಲಗಿಸಿ, ತೊಡೆಯ ಸಂದಿಗೆ ಕೈ ಹಾಕಿ ನೋಡಿ, "ಗಂಟು ಎದ್ದದ," ಎಂದ.

ಬೇರೆ ಯಾವ ಜನವಾದರೂ ಆ ಮಾತು ಕೇಳಿದ ಕೂಡಲೇ ಬಂಡಿಯಿಂದ ಹಾರಿ ಓಡುತ್ತಿತ್ತು. ನಾವು ಓಡಲಿಲ್ಲ. ಯಾಕೆಂದರೆ ಬರಿಗಾಲಲ್ಲಿ ಆಡುವವರಿಗೆ ತೊಡೆಯ ಸಂದಿನ ಗಂಟು ಹೊಸದಲ್ಲ. ಕಾಲ್ಬೆರಳು ಒಡೆದು ಕೀವು ತುಂಬಿದರೆ ಅದೇ ಕಾಲಿನ ಸಂದಿಗೆ ಗಂಟು ಏಳುತ್ತದೆ, ಸ್ವಲ್ಪ ಜ್ವರವೂ ಬರುತ್ತದೆ, ಹೆಬ್ಬೆರಳು ಮಾಗಿದರೆ ಗಂಟೂ ಇಳಿಯುತ್ತದೆ. ವರ್ಷಕ್ಕೆ ಎರಡು ಸಲವಾದರೂ ಗಂಟು ಏಳದವನನ್ನು ನಾವು ಆಟಗಾರನೆಂದೇ ಎಣಿಸುತ್ತಿರಲಿಲ್ಲ. ಉಸ್ತಾದನಿಗೆ ಅದರ ಮದ್ದು ಗೊತ್ತಿತ್ತು. ಔಡಲೆಣ್ಣೆ ಸವರಿ, ಬಿಸಿ ಉಪ್ಪಿನ ಗಂಟಿನಿಂದ ಕಾಸುವುದು. ನದಿಯ ದಂಡೆಯಲ್ಲಿ ಬಂಡಿ ನಿಲ್ಲಿಸಿ, ಒಣ ಪುರಳೆ ಒಟ್ಟಿ ಬೆಂಕಿ ಹಚ್ಚಿ ಉಪ್ಪು ಹುರಿದರು. "ಇದು ಆಟದ ಗಂಟು. ಬೆರಳ ಒಡದದಲ್ಲಾ, ಅದಕ್ಕೇ," ಎಂದ ಉಸ್ತಾದ. ಎಲ್ಲರೂ ತಲೆಯಾಡಿಸಿದರು. ಒಬ್ಬ ತನ್ನ ಗಂಟು ಹೋದ ವರ್ಷ ನಿಂಬೆಹಣ್ಣಿನಷ್ಟಾಗಿತ್ತು ಎಂದು ಕೊಚ್ಚಿಕೊಂಡ.

ಕಾಸುವಾಗ ಭಾಲ್ಕಿಯವನ ಕಾಲನ್ನು ಹಿಡಿದುಕೊಂಡವನು ನಾನೇ. ಒಡೆದ ಹೆಬ್ಬೆರಳು ಎಡಗಾಲಿನದು. ಗಂಟು ಇದ್ದದ್ದು ಬಲತೊಡೆಯ ಸಂದಿಗೆ.

ನಾನು ಮತ್ತೊಮ್ಮೆ ನೋಡಿದೆ. ಎಡಗಾಲು, ಬಲತೊಡೆ. ಬಲಪಾದದ ಮೇಲೆ ಗಾಯವಿರಲಿಲ್ಲ. ಚಿಗಟ ಕಚ್ಚಿದಂಥ ಮೂರು ಸಣ್ಣ ಕೆಂಪು ಚುಕ್ಕೆಗಳಿದ್ದವು, ಅಷ್ಟೇ. ಅಂಗಡಿಯ ಬಾಗಿಲು, ಇಲಿಗೆ ಬಿದ್ದ ಆ ಏಟು, ನನ್ನ ಕುಚೋದ್ಯದ ಮಾತು ಎಲ್ಲ ಒಟ್ಟಿಗೇ ನೆನಪಾದವು. ಊರಿಗೇ ಸಾಕ್ಷಿ ಕೇಳುವ ಮನುಷ್ಯ ನಾನು, ಈಗ ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಬಾಯಿ ತೆರೆದೆ. ಉಸ್ತಾದ ನನ್ನ ಕಡೆ ತಿರುಗಿ, "ಏನ್ರಿ ಮುನಶಿ, ಇದಕ್ಕೂ ಏನರ ಕಾಯ್ದೆ ತೆಗೀತೀರೇನು?" ಎಂದ. ಎಲ್ಲರೂ ನಕ್ಕರು. ಇವನಿಗೆ ಆ ದಾಖಲೆ ಸಿಗದ ಹಾಗೆ ಮಾಡಲು ನಾನು ಮತ್ತೊಂದು ನೆವ ಹುಡುಕುತ್ತಿದ್ದೇನೆ ಎಂದು ಅವರಿಗೆಲ್ಲ ಅನುಮಾನವಿತ್ತು. ನಾನು ಬಾಯಿ ಮುಚ್ಚಿದೆ. ಬಲಗಾಲಿಂದಲೇ ಒದೆಯುತ್ತಾನಲ್ಲ, ಉಳುಕಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಕಷ್ಟಪಟ್ಟೆನೆಂದು ನನಗೊಬ್ಬನಿಗೇ ಗೊತ್ತು.

ಔರಾದದ ಮೈದಾನ ಕರಿ ಎರೆಮಣ್ಣಿನದು. ಚಳಿಗಾಲದಲ್ಲಿ ಬಿರುಕು ಬಿಟ್ಟು, ಕಾಲು ಸಿಕ್ಕಿಕೊಳ್ಳುವಂತಿತ್ತು. ಸುತ್ತ ಜೋಳ ತೆನೆ ಕಟ್ಟಿ ನಿಂತಿತ್ತು. ಶುಕ್ರವಾರ ಮಧ್ಯಾಹ್ನ ಅಲ್ಲಿ ಸೇರಿದಷ್ಟು ಜನರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಲವತ್ತು ಗೋಲಿನ ಉಸ್ತಾದ ಗಳದ ಹಿಂದೆ ಕೈಕಟ್ಟಿ ನಿಂತಿದ್ದ. ಎತ್ತರದ, ಬಡಕಲು ಮನುಷ್ಯ. ಹಿಂದೊಮ್ಮೆ ಬ್ಯಾನಿ ಬಂದಾಗ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಮಣ್ಣಿಗಿಟ್ಟವನು ಎಂದು ಯಾರೋ ನನಗೆ ಹೇಳಿದರು. ನಾನು ಅವನ ಕಡೆ ನೋಡದೆ ಇರಲು ಪ್ರಯತ್ನಿಸಿದೆ.

ಭಾಲ್ಕಿಯವನು ಆಡಿದ್ದು ಆಟವಲ್ಲ. ಕುಡಿದವನ ಹಾಗೆ ತೂರಾಡುತ್ತಿದ್ದ, ಚೆಂಡು ಎಲ್ಲಿದೆ ಎಂದು ಹುಡುಕುತ್ತಿದ್ದ. ಔರಾದದವರು ಸಿಳ್ಳೆ ಹಾಕಿ ನಗಲು ಶುರುಮಾಡಿದರು. ಬಿಸಿಲು ಇಳಿಯುವ ಹೊತ್ತಿಗೆ, ಎಲ್ಲಿಂದಲೋ ಉರುಳಿ ಬಂದ ಚೆಂಡು ಅವನ ಕಾಲಿನ ಮುಂದೆ ನಿಂತಿತು. ಅವನು ಅದನ್ನು ಬಹಳ ಹೊತ್ತು ನೋಡಿದ ಹಾಗೆ ನನಗೆ ಅನ್ನಿಸಿತು. ಬಲಗಾಲಿನಿಂದ ಒದ್ದ. ಗೋಲಿ ಅಲುಗಾಡಲಿಲ್ಲ. ಚೆಂಡು ಎರಡು ಗಳದ ನಟ್ಟನಡುವೆ ಹಾದು ಔರಾದದ ಉಸ್ತಾದನ ಕಾಲಬಳಿ ಹೋಗಿ ನಿಂತಿತು. ಅದರಲ್ಲಿ ಯಾರೂ ತಕರಾರು ಎತ್ತುವಂತಿರಲಿಲ್ಲ.

ನಾನು ಕೂಗಿದೆ. ಎದೆ ಬಿರಿಯುವಷ್ಟು ಕೂಗಿದೆ, ಅದನ್ನೂ ಹೇಳಬೇಕು. ಗಂಟು, ಜ್ವರ, ಎಡ ಬಲ ಎಲ್ಲ ಮರೆತು ಕೂಗಿದೆ. ಭಾಲ್ಕಿಯವನು ಎಂದಿನಂತೆ ಗಳ ಮುಟ್ಟಲು ಹೋದ. ಮುಟ್ಟಿದ ಕೈಯನ್ನು ಬಿಡಲಿಲ್ಲ. ಗಳವನ್ನು ತಬ್ಬಿಕೊಂಡು ಮೆಲ್ಲಗೆ ಕುಸಿದ.

ಮೊದಲು ಮುಟ್ಟಿದವನು ಔರಾದದ ಉಸ್ತಾದ. ಹಣೆ ಮುಟ್ಟಿದ, ತೊಡೆಯ ಸಂದಿಗೆ ಕೈ ಹಾಕಿದ. ಆಮೇಲೆ ನಮ್ಮ ಉಸ್ತಾದನನ್ನು ಕೇಳಿದ: "ಯಾವ ಕಾಲಿಗಿ ಗಾಯ ಆಗ್ಯಾದ?"

"ಎಡಕ್ಕ," ಎಂದ ನಮ್ಮ ಉಸ್ತಾದ.

"ಗಂಟು ಬಲಕ್ಕ ಅದ."

ಅಷ್ಟೇ ಮಾತು. ಹತ್ತಿರ ನಿಂತವರು ಹಿಂದೆ ಸರಿದರು, ಹಿಂದಿನವರು ಓಡಿದರು. ಅಷ್ಟು ದೊಡ್ಡ ಜನಸಂದಣಿ ಯಾವ ಗದ್ದಲವೂ ಇಲ್ಲದೆ ಜೋಳದ ಹೊಲಗಳಲ್ಲಿ ಕರಗಿಹೋಯಿತು. ನಮ್ಮ ಉಸ್ತಾದ ಅಳುತ್ತಾ ನಿಂತ. "ಉಳದ ಹತ್ತು ಮಂದೀನ ನಾ ಮನಿಗಿ ಮುಟ್ಟಿಸಬೇಕ್ರಿ," ಎಂದು ಬಂಡಿ ಹೂಡಿಸಿದ. ಅವನನ್ನು ನಾನು ಬೈಯಲಾರೆ. ಅವನು ಕಂಡಿರಲಿಲ್ಲ, ನಾನು ಕಂಡಿದ್ದೆ. ನಾನು ಬಂಡಿ ಹತ್ತಲಿಲ್ಲ.

ಔರಾದದ ಉಸ್ತಾದ ಮತ್ತು ನಾನು ಸೇರಿ ಭಾಲ್ಕಿಯವನನ್ನು ಹೊಲ ಕಾಯುವ ಗುಡಿಸಲಿಗೆ ಹೊತ್ತುಕೊಂಡು ಹೋದೆವು. ಉಸ್ತಾದ ಊರಿನಿಂದ ಗಂಜಿ ತರುತ್ತಿದ್ದ, ಅರಿವೆ ಒದ್ದೆ ಮಾಡಿ ಹಣೆಗಿಡುತ್ತಿದ್ದ. ನನಗೊಂದು ಮಾತೂ ಕೇಳಲಿಲ್ಲ. ಶನಿವಾರ ಭಾಲ್ಕಿಯವನಿಗೆ ಸ್ವಲ್ಪ ಎಚ್ಚರವಾದಾಗ ಉಸ್ತಾದ ಅವನ ಪಕ್ಕದಲ್ಲಿ ಕೂತು, ಪದ್ಧತಿಯಂತೆ, ಜೋರಾಗಿ ಹೇಳಿದ: "ಹೌದು. ಒಳಗೇ ಹೋಯ್ತು. ನನಕಿಂತ ಒಂದು ಹೆಚ್ಚಾಯ್ತು ನಿಂದು."

ಭಾಲ್ಕಿಯವನು ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. "ನಾಕು ಮಂದಿ ಎಲ್ಲಿ ಮುನಶಿಯವರ?" ಎಂದ.

ಗುಡಿಸಲಲ್ಲಿ ಇದ್ದವರು ನಾವು ಮೂವರು.

"ಬ್ಯಾಡ ಬಿಡಪ್ಪಾ. ಪಕ್ಕಾ ಆಯ್ತು. ಇದು ಪಕ್ಕಾ, ಮನ್ನಳ್ಳಿದೂ ಪಕ್ಕಾ. ಆ ಗೋಲಿ ಬಂದು ನನಗ ಹೌದು ಅಂದಿದ್ದ," ಎಂದೆ.

"ಯಾವಾಗ?"

"ಸಂತಿಗಿಂತ ಮೊದಲ."

ಅವನು ನನಗೆ ಬೈಯಲಿಲ್ಲ. ಮುಖವನ್ನು ಆ ಕಡೆಗೆ ಹೊರಳಿಸಿದ. ನನ್ನ ಕಡೆಗೆ ಮತ್ತೆ ತಿರುಗಲಿಲ್ಲ. ಭಾನುವಾರ ಬೆಳಗ್ಗೆ ಹೋದ. ಹನ್ನೆರಡು ದಿನದ ಮೇಲೆ ಔರಾದದ ಉಸ್ತಾದನೂ ಅದೇ ಬ್ಯಾನಿಯಿಂದ ಹೋದ. ನನಗೆ ಒಂದು ನೆಗಡಿ ಸಹ ಬರಲಿಲ್ಲ.

ಅಷ್ಟರಲ್ಲಿ ಬೀದರದಲ್ಲಿಯೂ ಇಲಿ ಬಿದ್ದು, ಊರಿಗೆ ಊರೇ ಹೊಲಗಳಿಗೆ ಹೋಗಿತ್ತು. ಬಿಸಿಲು ಬಲಿತ ಮೇಲೆ ಜನ ಒಬ್ಬೊಬ್ಬರಾಗಿ ಮರಳಿದರು. ಚಾಚಾನೂ ಬಂದ, ಅವನ ಹೆಂಡತಿ ಬರಲಿಲ್ಲ. ಸರಕಾರಿ ಜನ ಅಂಗಡಿಯ ಗೋಡೆಗಳಿಗೆಲ್ಲ ಸುಣ್ಣ ಬಳಿದು ಹೋಗಿದ್ದರು. ಒಂದು ಗೆರೆಯೂ ಉಳಿದಿರಲಿಲ್ಲ. ಸ್ವಲ್ಪ ದಿನ ಆ ಬಿಳಿ ಗೋಡೆಯನ್ನು ನೋಡಲಾಗದೆ ಎಲ್ಲರೂ ಬೀದಿಯ ಕಡೆ ಮುಖಮಾಡಿ ಕೂತರು. ಆಮೇಲೆ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು, ಯಾರದು ಹೆಚ್ಚು, ಔರಾದದವನದೋ ಭಾಲ್ಕಿಯವನದೋ ಎಂದು. ಇಬ್ಬರೂ ಇರಲಿಲ್ಲ, ಜಗಳ ಮಾತ್ರ ಇತ್ತು. ಮುನಶಿಗೆ ನೆನಪಿದೆ, ಅವರೇ ಮತ್ತೆ ಎಳೆಯಲಿ ಎಂದು ಕಾವಿಯ ತುಂಡನ್ನು ನನ್ನ ಕೈಗಿಟ್ಟರು.

ಔರಾದದವನಿಗೆ ನಲವತ್ತು ಎಳೆದೆ. ಕೆಳಗೆ ಭಾಲ್ಕಿಯವನಿಗೆ ನಲವತ್ತು ಎಳೆದೆ. ಅದೇ ಕಾವಿಯಿಂದ ನಲವತ್ತೊಂದನೆಯದಕ್ಕೆ ಕೈ ಎತ್ತಿದಾಗ ಚಾಚಾ ಬಂದು ನನ್ನ ಮುಂಗೈ ಹಿಡಿದ.

"ಯಾರು ಹೌದು ಅಂದಾರ?"

"ಔರಾದ ಉಸ್ತಾದ ಅಂದಾನ. ಮನ್ನಳ್ಳಿ ಗೋಲಿ ಅಂದಾನ. ಎರಡೂ ನಾ ಕೇಳೇನಿ."

"ಬ್ಯಾರೆ ಯಾರು ಕೇಳ್ಯಾರ?"

ಮನ್ನಳ್ಳಿಯ ಗೋಲಿಯೂ ಬದುಕಿರ‍ಲಿಲ್ಲ.

"ನಾಕು ಮಂದಿ ಬೇಕಲ್ರಿ ಮುನಶಿಯವರ. ಕಾಯ್ದೆ ನಿಮ್ಮದೇ ಅದ," ಎಂದ ಚಾಚಾ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಗಿದ್ದು. ಬೆಂಚಿನ ಮೇಲೆ ಕೂತವರೆಲ್ಲ ಹೌದೌದು ಎಂದರು. ಒಲೆಯಿಂದ ಒಂದು ಇದ್ದಿಲು ಆರಿಸಿ ನನಗೆ ಕೊಟ್ಟರು. ಎರಡು ಕಪ್ಪು ಗೆರೆ ಎಳೆದು ಹೊರಗೆ ಬಂದೆ. ಹಾದಿಯಲ್ಲಿ ಕ್ಷೌರದವನ ಹತ್ತಿರ ಕೂತು ಮೀಸೆ ತೆಗೆಸಿದೆ. ಆಮೇಲೆ ಚಿದ್ರಿಗೆ ಹೋದೆ.

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಮೀಸೆಯಿಲ್ಲದ ನನ್ನ ಗುರುತು ಅವಳಿಗೆ ತಟ್ಟನೆ ಹತ್ತಲಿಲ್ಲ. ಹತ್ತಿದ ಮೇಲೆ ಸೆರಗು ಸರಿಮಾಡಿಕೊಂಡು ಕೈಯ ಮೊರವನ್ನು ಕೆಳಗಿಟ್ಟಳು. ನಾನು ನಿಂತೇ ಹೇಳಿದೆ. ಔರಾದದ್ದು ಒಳಗೇ ಹೋಯಿತು, ಮನ್ನಳ್ಳಿಯದೂ ಒಳಗೇ ಹೋಗಿತ್ತು, ಅವನಷ್ಟು ಗೋಲನ್ನು ಈ ಮೂರು ಊರಲ್ಲಿ ಯಾರೂ ಹೊಡೆದಿಲ್ಲ ಎಂದೆ. "ಮಂದಿ ಏನರ ಅನ್ಲಿ ತಂಗಿ. ಎರಡೂ ನಾ ಕೊಟ್ಟೇನಿ," ಎಂದೆ.

ಅವಳು ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ಕೊಡೂದು ನಿಮ್ಮ ಕೈಯಾಗಿಲ್ಲ ಅಂದಿದ್ರಲ್ಲಾ ಅಣ್ಣಾ," ಎಂದಳು. ಮತ್ತೆ ಮೊರ ಎತ್ತಿಕೊಂಡು ಜೋಳ ಕೇರತೊಡಗಿದಳು.